ಕಲಾ ಕಾಲೇಜಿನಿಂದ ಮಿದುಳಿನ ವಾರ್ಡಿಗೆ

ಕೌಜಲಗಿ ಅಂದರೆ ಪಾರಿಜಾತ. ಗೋಕಾಕ ಸೀಮೆಯ ಹಿರಿಯರ ಮುಂದೆ ಊರಿನ ಹೆಸರೆತ್ತಿದರೆ ಸಾಕು, ಕೌಜಲಗಿ ನಿಂಗಮ್ಮನ ಹೆಸರು ತಾನಾಗಿ ಬಾಯಿಗೆ ಬರುತ್ತದೆ. ಪಕ್ಕದ ಕುಲಗೋಡದ ತಮ್ಮಣ್ಣ ಆಟಕ್ಕೆ ಒಗ್ಗಿಸಿಕೊಟ್ಟ ಶ್ರೀಕೃಷ್ಣ ಪಾರಿಜಾತವನ್ನು ಊರೂರಿಗೆ ಒಯ್ದ ಕಲಾವಿದರಲ್ಲಿ ಆಕೆಯದು ದೊಡ್ಡ ಹೆಸರು. ರಾತ್ರಿ ಶುರುವಾದ ಆಟ ಬೆಳ್ಳಿ ಮೂಡುವ ತನಕ ನಡೆಯಬೇಕು. ಸತ್ಯಭಾಮೆಯ ಮುನಿಸು, ರುಕ್ಮಿಣಿಯ ಸೈರಣೆ, ನಡುನಡುವೆ ಭಾಗವತನ ಕೊಂಕು ಮಾತು, ಎಲ್ಲವೂ ನಾಲಗೆಯ ಮೇಲೆಯೇ ಇರಬೇಕು. ಪುಸ್ತಕ ಹಿಡಿದು ಕಲಿತವರು ಕಡಿಮೆ, ಕೇಳಿ ಕಲಿತವರೇ ಹೆಚ್ಚು.

ಹಾಗೆ ಇಡೀ ರಾತ್ರಿಯ ಹಾಡು ಮಾತುಗಳನ್ನು ತಲೆಯಲ್ಲಿಟ್ಟುಕೊಂಡ ಕಲಾವಿದನೊಬ್ಬ ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ ಅಂದುಕೊಳ್ಳೋಣ. ಗಾಯ ಮಾಯ್ದಿದೆ. ಸ್ಕ್ಯಾನಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಆದರೆ ರಂಗದ ಮೇಲೆ ನಿಂತರೆ ಮುಂದಿನ ಪದ ಬರುತ್ತಿಲ್ಲ. "ಮೊದಲಿನಂಗ ಇಲ್ರಿ" ಅನ್ನುತ್ತಾರೆ ಮನೆಯವರು. ಈ "ಮೊದಲಿನಂಗ ಇಲ್ಲ" ಎಂಬ ಮಾತನ್ನು ಅಳೆದು, ಹೋದದ್ದೇನು, ಉಳಿದದ್ದೇನು, ಉಳಿದದ್ದರಿಂದ ಎಷ್ಟು ದೂರ ಸಾಗಬಹುದು ಎಂದು ಹೇಳುವುದು ಒಂದು ವೃತ್ತಿ. ಆಸ್ಪತ್ರೆಯಲ್ಲಿ ಅವರನ್ನು ನ್ಯೂರೋಸೈಕಾಲಜಿಸ್ಟ್ ಎನ್ನುತ್ತಾರೆ, ಕನ್ನಡದ ಪುಸ್ತಕಗಳಲ್ಲಿ ನರಮನೋವಿಜ್ಞಾನಿ.

ಹೆಸರು ಕೇಳಿದರೇ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿಯ ಎದೆ ಝಲ್ಲೆನ್ನುತ್ತದೆ. ನರ, ಮಿದುಳು, ವಿಜ್ಞಾನ! ಪಿಯುಸಿಗೆ ಸೈನ್ಸ್ ತಗೊಳ್ಳದಿದ್ದರೆ ಆ ದಾರಿಯೇ ಮುಚ್ಚಿತು ಎಂಬುದು ಊರಿನ ತಿಳಿವಳಿಕೆ. "ಆರ್ಟ್ಸ್ ತಗೊಂಡಾಳ" ಎಂಬ ಮಾತನ್ನು ನಮ್ಮ ಕಡೆ ಇನ್ನೂ ಸ್ವಲ್ಪ ದನಿ ತಗ್ಗಿಸಿಯೇ ಹೇಳುತ್ತಾರೆ. ಕರ್ನಾಟಕದಲ್ಲಿ ಈ ಕಸುಬು ಹುಟ್ಟಿ ಬೆಳೆದ ಕತೆ ಗೊತ್ತಿದ್ದರೆ ದನಿ ತಗ್ಗಿಸುವ ಅಗತ್ಯ ಬರುತ್ತಿರಲಿಲ್ಲ.

ಆ ಕತೆ ಶುರುವಾಗುವುದೇ ಒಂದು ಕಲಾ ಕಾಲೇಜಿನಲ್ಲಿ. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ. ಎಂಟು ವರ್ಷ ಕಳೆದು, 1924ರಲ್ಲಿ, ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ತೆರೆಯಿತು. ಕಲ್ಕತ್ತೆಯನ್ನು ಬಿಟ್ಟರೆ ದೇಶದಲ್ಲಿ ಅಂಥ ವಿಭಾಗ ಬಂದದ್ದು ಇಲ್ಲಿಯೇ. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಎಂಬ, ಬುದ್ಧಿಶಕ್ತಿಯನ್ನು ಲೆಕ್ಕಕ್ಕೆ ತಂದ ಪಂಡಿತನ ಕೈಕೆಳಗೆ ಕಲಿತು ಬಂದವರು. ಕನ್ನಡಿಗರು ಅವರನ್ನು ನೆನೆಯುವುದು ಬೇರೆಯದೇ ಕಾರಣಕ್ಕೆ. 1935ರಲ್ಲಿ ತಮ್ಮ ಮನೆ 'ವಿಠ್ಠಲ ವಿಹಾರ'ದಿಂದ ರೇಡಿಯೋ ಪ್ರಸಾರ ಶುರು ಮಾಡಿದವರು ಅವರೇ. ಅದಕ್ಕೆ ಇಟ್ಟ 'ಆಕಾಶವಾಣಿ' ಎಂಬ ಹೆಸರು ಮುಂದೆ ಇಡೀ ದೇಶದ ಪಾಲಾಯಿತು. ರೇಡಿಯೋ ಕಟ್ಟಿದ ಮನಶ್ಶಾಸ್ತ್ರಜ್ಞ ಎಂದು ಇಂದು ಹೇಳಿದರೆ ವಿಚಿತ್ರವೆನ್ನಿಸಬಹುದು. ಆ ಕಾಲದ ಮಹಾರಾಜ ಕಾಲೇಜಿನಲ್ಲಿ ವಿಷಯಗಳ ನಡುವೆ ಅಷ್ಟು ಎತ್ತರದ ಗೋಡೆಗಳಿರಲಿಲ್ಲ. ತತ್ತ್ವಶಾಸ್ತ್ರ, ಸಂಸ್ಕೃತ, ಇಂಗ್ಲಿಷ್ ಸಾಹಿತ್ಯಗಳ ನೆರೆಯಲ್ಲೇ ಮನಶ್ಶಾಸ್ತ್ರದ ಪ್ರಯೋಗಶಾಲೆಯೂ ಇತ್ತು.

ಅದೇ 1924ರಲ್ಲಿ ದೂರದ ಲೆನಿನ್‌ಗ್ರಾಡಿನಲ್ಲಿ ಇಬ್ಬರು ತರುಣರ ಭೇಟಿಯಾಯಿತು. ಒಬ್ಬ ಲೆವ್ ವೈಗಾಟ್‌ಸ್ಕಿ, ಕಾನೂನು ಓದಿ, ಸಾಹಿತ್ಯದ ಮೇಷ್ಟರಾಗಿದ್ದವನು. ಇನ್ನೊಬ್ಬ ಅಲೆಕ್ಸಾಂಡರ್ ಲೂರಿಯಾ, ಕಜಾನ್ ವಿಶ್ವವಿದ್ಯಾನಿಲಯದಲ್ಲಿ ಸಮಾಜ ವಿಜ್ಞಾನಗಳ ಪದವಿ ಪಡೆದವನು. ನರಮನೋವಿಜ್ಞಾನಕ್ಕೆ ಬುನಾದಿ ಹಾಕಿದವರ ಪಟ್ಟಿ ಬರೆದರೆ ಲೂರಿಯಾನ ಹೆಸರು ಮೊದಲ ಸಾಲಿನಲ್ಲೇ ಬರುತ್ತದೆ. ವೈದ್ಯಕೀಯ ಓದನ್ನು ಅವನು ಮುಗಿಸಿದ್ದು 1937ರಲ್ಲಿ, ಮನಶ್ಶಾಸ್ತ್ರದಲ್ಲಿ ಹೆಸರಾದ ಮೇಲೆ. ಎರಡನೇ ಮಹಾಯುದ್ಧದಲ್ಲಿ ತಲೆಗೆ ಗುಂಡು ಬಿದ್ದ ಸೈನಿಕರ ನಡುವೆ ಕೆಲಸ ಮಾಡಿ, ಮಿದುಳಿನ ಯಾವ ಭಾಗ ಕೆಟ್ಟರೆ ಯಾವ ಕೆಲಸ ಮುರಿದು ಬೀಳುತ್ತದೆ ಎಂದು ನಕ್ಷೆ ಹಾಕಿದವನು ಅವನು.

ಲೂರಿಯಾನ ಇನ್ನೊಂದು ಕೆಲಸ ನಮ್ಮ ಊರುಗಳಿಗೆ ಹೆಚ್ಚು ಹತ್ತಿರದ್ದು. 1931ರಲ್ಲಿ ಅವನು ಉಜ್ಬೇಕಿಸ್ತಾನದ ಹಳ್ಳಿಗಳಿಗೆ ಹೋಗಿ, ಶಾಲೆ ಕಾಣದ ರೈತರ ಮುಂದೆ ಸುತ್ತಿಗೆ, ಗರಗಸ, ಕೊಡಲಿ, ಮರದ ದಿಮ್ಮಿ ಇವುಗಳ ಚಿತ್ರ ಇಟ್ಟು, ಗುಂಪಿಗೆ ಸೇರದ್ದನ್ನು ತೆಗೆಯಿರಿ ಎಂದ. ಓದಿದವರು ತಕ್ಷಣ ದಿಮ್ಮಿಯನ್ನು ಪಕ್ಕಕ್ಕಿಡುತ್ತಾರೆ, ಉಳಿದ ಮೂರೂ ಹತ್ಯಾರಗಳಲ್ಲವೇ. ಉಜ್ಬೇಕ್ ರೈತರು ಒಪ್ಪಲಿಲ್ಲ. ದಿಮ್ಮಿ ಇಲ್ಲದೆ ಗರಗಸ ಇಟ್ಟುಕೊಂಡು ಮಾಡುವುದೇನು ಎಂಬುದು ಅವರ ವಾದ. ಕೌಜಲಗಿಯ ಬಡಿಗೇರನೊಬ್ಬ ಬೇರೆ ಉತ್ತರ ಕೊಡುತ್ತಾನೆ ಎಂದು ಈ ಲೇಖಕನಿಗಂತೂ ಅನ್ನಿಸುವುದಿಲ್ಲ. ಆ ಉತ್ತರಕ್ಕೆ ಸೊನ್ನೆ ಹಾಕಿದರೆ ಪರೀಕ್ಷೆ ಕೊಟ್ಟವನಿಗಿಂತ ಪರೀಕ್ಷೆ ಮಾಡಿದವನ ಬುದ್ಧಿಯ ಮೇಲೆ ಅನುಮಾನ ಪಡಬೇಕಾಗುತ್ತದೆ.

ಇತ್ತ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಬೆಳಗಾವಿ, ಧಾರವಾಡದ ಸೀಮೆಗೆ ಮೈಸೂರು ಆಗ ಪರರಾಜ್ಯ. ಈ ಕಡೆಯ ಮನೋರೋಗಿಗಳಿಗೆ ಇದ್ದದ್ದು ಬ್ರಿಟಿಷರು 19ನೇ ಶತಮಾನದಲ್ಲಿ ಧಾರವಾಡದಲ್ಲಿ ತೆರೆದ ಆಶ್ರಯ. ಜನರ ಬಾಯಲ್ಲಿ ಅದು ಬಹುಕಾಲ 'ಹುಚ್ಚರ ದವಾಖಾನಿ'. ಅಲ್ಲಿ ಅಳತೆ, ಪರೀಕ್ಷೆ ಎಂಬ ಮಾತಿರಲಿಲ್ಲ. ಇದ್ದದ್ದು ಗೋಡೆ ಮತ್ತು ಬೀಗ.

ಅಳತೆ ಬಂದದ್ದು ದವಾಖಾನೆಯಿಂದಲ್ಲ, ಶಾಲೆಯಿಂದ. ವಿ.ವಿ. ಕಾಮತ್ ಎಂಬ ಶಿಕ್ಷಣದ ಕ್ಷೇತ್ರದವರು ಫ್ರಾನ್ಸಿನ ಬಿನೆ-ಸೈಮನ್ ಬುದ್ಧಿಶಕ್ತಿ ಪರೀಕ್ಷೆಯನ್ನು ಧಾರವಾಡದ ಸುತ್ತಿನ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸುವ ಕೆಲಸ ಹಿಡಿದರು. ಕನ್ನಡ, ಮರಾಠಿ ಮಾತಾಡುವ ಮಕ್ಕಳಿಗಾಗಿ ತಿದ್ದಿದ ಆ ಅಳತೆಯ ಬಗ್ಗೆ 1934ರಲ್ಲಿ ಅವರ ಪ್ರಬಂಧ ಬ್ರಿಟನ್ನಿನ ಶಿಕ್ಷಣ ಮನೋವಿಜ್ಞಾನದ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. 1940ರಲ್ಲಿ ಪುಸ್ತಕವೂ ಬಂತು. 'ಬಾಂಬೆ-ಕರ್ನಾಟಕ' ಪರಿಷ್ಕರಣೆ ಎಂದೇ ಅದಕ್ಕೆ ಹೆಸರು. ಇಂದಿನ ಆಸ್ಪತ್ರೆಗಳಲ್ಲಿ ಅದು 'ಬಿಕೆಟಿ', ಅಂದರೆ ಬಿನೆ-ಕಾಮತ್ ಟೆಸ್ಟ್.

ಕಾಮತರು ಏನು ಮಾಡಿದರು ಎಂಬುದನ್ನು ತುಸು ನಿಂತು ನೋಡಬೇಕು. ಪ್ಯಾರಿಸ್ಸಿನ ಮಗು ದಿನಾ ಕಾಣುವ ನಾಣ್ಯ, ಆಟಿಕೆ, ಚಿತ್ರ ಧಾರವಾಡದ ಮಗು ಕಂಡಿರುವುದಿಲ್ಲ. ಪ್ರಶ್ನೆಯನ್ನು ಬರೀ ತರ್ಜುಮೆ ಮಾಡಿದರೆ ಮಗು ದಡ್ಡನಂತೆ ಕಾಣುತ್ತದೆ. ಯಾವ ಪ್ರಶ್ನೆ ಉಳಿಯಬೇಕು, ಯಾವುದನ್ನು ಕಿತ್ತು ಹೊಸದು ಹಾಕಬೇಕು, ಇಲ್ಲಿಯ ಐದು ವರ್ಷದ ಮಗುವಿಗೆ ಯಾವುದು ಸಲೀಸು, ಎಂಟರ ಮಗುವಿಗೆ ಯಾವುದು ತೊಡಕು ಎಂಬುದನ್ನು ಮಕ್ಕಳ ಎದುರು ಕೂತೇ ಕಂಡುಕೊಳ್ಳಬೇಕಿತ್ತು. ಆ ಕೆಲಸಕ್ಕೆ ಬೇಕಿದ್ದದ್ದು ಮಕ್ಕಳ ಮಾತು ಬಲ್ಲ ಕಿವಿ, ಜೊತೆಗೆ ಸಂಖ್ಯಾಶಾಸ್ತ್ರ.

ಆಸ್ಪತ್ರೆಯೊಳಗೆ ಮನಶ್ಶಾಸ್ತ್ರ ಕಾಲಿಟ್ಟದ್ದು ಸ್ವಾತಂತ್ರ್ಯದ ನಂತರ. ಬೆಂಗಳೂರಿನ ಮಾನಸಿಕ ಆಸ್ಪತ್ರೆ 1930ರ ದಶಕದಲ್ಲೇ ಪೇಟೆಯ ಇಕ್ಕಟ್ಟಿನಿಂದ ಲಕ್ಕಸಂದ್ರದ ಬಯಲಿಗೆ ಬಂದಿತ್ತು. ಅದರ ಜೊತೆಗೇ 1954ರಲ್ಲಿ ಕೇಂದ್ರ ಸರಕಾರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನು ಕಟ್ಟಿತು, ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. 1955ರಲ್ಲಿ ಎರಡು ಡಿಪ್ಲೊಮಾ ಒಟ್ಟಿಗೆ ಶುರುವಾದವು. ಒಂದು ಎಂಬಿಬಿಎಸ್ ಮುಗಿಸಿದವರಿಗೆ, ಇನ್ನೊಂದು ಮನಶ್ಶಾಸ್ತ್ರದ ಎಂಎ ಮಾಡಿದವರಿಗೆ. ಎರಡನೆಯದಕ್ಕೆ 'ಮೆಡಿಕಲ್ ಸೈಕಾಲಜಿ' ಎಂದು ಹೆಸರು. ಅಂದರೆ ಈ ವೃತ್ತಿಯ ಮೊದಲ ಬಾಗಿಲಿನಲ್ಲಿಯೇ ಕಲಾ ವಿಭಾಗದವರು ನಿಂತಿದ್ದರು. ಇದು ಯಾರೋ ದಯೆಯಿಂದ ಕೊಟ್ಟ ರಿಯಾಯಿತಿಯಲ್ಲ. ಮನಶ್ಶಾಸ್ತ್ರ ಓದಿದವರು ಸಿಗುತ್ತಿದ್ದದ್ದೇ ಕಲಾ ಕಾಲೇಜುಗಳಲ್ಲಿ!

ಆ ಸಂಸ್ಥೆಯ ಚಿಕಿತ್ಸಾ ಮನೋವಿಜ್ಞಾನ ವಿಭಾಗದ ಮುಖ್ಯಸ್ಥರಾಗಿದ್ದವರಲ್ಲಿ ಒಬ್ಬರು ಎಸ್.ಕೆ. ರಾಮಚಂದ್ರರಾವ್. ಈ ಹೆಸರು ಕನ್ನಡ ಓದುಗರಿಗೆ ಗೊತ್ತಿರುವುದು ಆಗಮಕೋಶದ ಸಂಪುಟಗಳಿಂದ, ಮೂರ್ತಿಶಿಲ್ಪದ ಬರಹಗಳಿಂದ, ಋಗ್ವೇದ ದರ್ಶನದಿಂದ. ಸಂಸ್ಕೃತ, ಪಾಲಿಗಳಲ್ಲಿ ಮುಳುಗಿದ್ದ, ಚಿತ್ರ ಬರೆಯಬಲ್ಲ ಆ ವಿದ್ವಾಂಸ ಹಗಲು ಹೊತ್ತು ಮನೋರೋಗಿಗಳ ಆಸ್ಪತ್ರೆಯಲ್ಲಿ ಶಿಷ್ಯರಿಗೆ ಪಾಠ ಹೇಳುತ್ತಿದ್ದರು ಎಂಬುದು ಅವರ ಪುಸ್ತಕಗಳನ್ನು ಕಪಾಟಿನಲ್ಲಿಟ್ಟುಕೊಂಡ ಎಷ್ಟೋ ಜನರಿಗೆ ಗೊತ್ತಿಲ್ಲ. ವೈದ್ಯರ ಪೈಕಿಯೂ ಸಾಹಿತ್ಯದ ಕಡೆ ದಾಟಿದವರಿದ್ದರು. 'ಕೊರವಂಜಿ' ಹಾಸ್ಯ ಪತ್ರಿಕೆಯ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನಸ್ಸಿನ ರೋಗಗಳ ಬಗ್ಗೆ ಕನ್ನಡದಲ್ಲಿ ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಮನಸ್ಸಿನಿಂದ ಮಿದುಳಿಗೆ ಹೊರಳಿದ್ದು 1958ರ ಸುಮಾರಿಗೆ. ಆ ವರ್ಷ ಸಂಸ್ಥೆಯಲ್ಲಿ ಡಾ. ಆರ್. ಮಾರ್ತಾಂಡವರ್ಮ ಅವರ ನೇತೃತ್ವದಲ್ಲಿ ನರಶಸ್ತ್ರಚಿಕಿತ್ಸೆಯ ವಿಭಾಗ ಶುರುವಾಯಿತು. ಗಡ್ಡೆಯಾದವರು, ಫಿಟ್ಸ್ ಬರುವವರು, ತಲೆಗೆ ಪೆಟ್ಟಾದವರು ಈಗ ಅದೇ ಆವರಣಕ್ಕೆ ಬರತೊಡಗಿದರು. ಸಿಟಿ ಸ್ಕ್ಯಾನ್ ಇಲ್ಲದ ಕಾಲ. ತಲೆಬುರುಡೆ ತೆರೆಯುವ ಮೊದಲು ಒಳಗಿನ ತೊಂದರೆ ಎಲ್ಲಿದೆ ಎಂದು ಊಹಿಸಲು ರೋಗಿಯ ನಡೆ, ನುಡಿ, ನೆನಪುಗಳೂ ದಾರಿ ತೋರಿಸಬೇಕಿತ್ತು. ಎಂಎ ಓದಿ ಬಂದ ಮನಶ್ಶಾಸ್ತ್ರಜ್ಞರು ವಾರ್ಡಿನಲ್ಲಿ ನಿಂತು ಮಿದುಳಿನ ಭೂಗೋಳ ಕಲಿತದ್ದು ಹೀಗೆ. 1974ರ ಡಿಸೆಂಬರ್ 27ರಂದು ಹಳೆಯ ಆಸ್ಪತ್ರೆ ಮತ್ತು ಸಂಸ್ಥೆ ಒಂದುಗೂಡಿ ನಿಮ್ಹಾನ್ಸ್ ಆಯಿತು. ಮುಂದಿನ ವರ್ಷಗಳಲ್ಲಿ ಸಿ.ಆರ್. ಮುಕುಂದನ್ ಅವರು ಮಿದುಳಿನ ಬೇರೆ ಬೇರೆ ಹಾಲೆಗಳ ಕೆಲಸವನ್ನು ಪರೀಕ್ಷಿಸುವ ಪರೀಕ್ಷೆಗಳ ಗುಚ್ಛ ಕಟ್ಟಿದರು. ಹಳೆಯ ಡಿಪ್ಲೊಮಾ ಬೆಳೆದು ಎಂಫಿಲ್ ಆಯಿತು.

2004ರಲ್ಲಿ ಬಂದ ನಿಮ್ಹಾನ್ಸ್ ನ್ಯೂರೋಸೈಕಾಲಜಿ ಬ್ಯಾಟರಿ ಈ ಕತೆಯ ದೊಡ್ಡ ಘಟ್ಟ. ಶೋಭಿನಿ ಎಲ್. ರಾವ್, ಡಿ.ಕೆ. ಸುಬ್ಬಕೃಷ್ಣ, ಕೆ. ಗೋಪುಕುಮಾರ್ ಇದರ ಕರ್ತೃಗಳು. 16ರಿಂದ 65 ವಯಸ್ಸಿನ 540 ಆರೋಗ್ಯವಂತರನ್ನು ಪರೀಕ್ಷಿಸಿ, ಯಾರಿಗೆ ಎಷ್ಟು ಬಂದರೆ ಸರಿ ಎಂಬ ಮಾನಕಗಳನ್ನು ಅದರಲ್ಲಿ ಕೊಟ್ಟರು. ವಯಸ್ಸು, ಗಂಡು-ಹೆಣ್ಣು ಎಂದು ವಿಂಗಡಿಸುವುದು ಎಲ್ಲ ಕಡೆಯೂ ಉಂಟು. ಇಲ್ಲಿ ಕಾಲೇಜು ಓದಿದವರು, ಶಾಲೆ ಓದಿದವರು, ಏನೂ ಓದದವರು ಎಂದು ಮೂರು ಪಂಕ್ತಿ ಹಾಕಿದರು. ಆ ಮೂರನೇ ಪಂಕ್ತಿಗೆ ಪರದೇಶದ ಕೈಪಿಡಿಗಳಲ್ಲಿ ಜಾಗವೇ ಇರಲಿಲ್ಲ ಎಂದರೂ ನಡೆದೀತು. ನಮ್ಮ ಕಡೆಯ ಹಿರಿಯ ರೈತನನ್ನು ಬೋಸ್ಟನ್ನಿನ ಗುಮಾಸ್ತನ ಜೊತೆ ತೂಗಿ 'ನೆನಪು ಕೆಟ್ಟಿದೆ' ಎಂದು ಬರೆಯುವ ಅನ್ಯಾಯಕ್ಕೆ ಅಲ್ಲಿ ತಡೆ ಬಿತ್ತು.

ಪರೀಕ್ಷೆ ನಡೆಯುವುದನ್ನು ಕಂಡವರಿಗೆ ಅದೊಂದು ಆಟದಂತೆ ಕಾಣುತ್ತದೆ. ಮೇಜಿನ ಈಚೆ ರೋಗಿ, ಆಚೆ ಪರೀಕ್ಷಕಿ, ಕೈಯಲ್ಲಿ ಸ್ಟಾಪ್‌ವಾಚು. ಆಕೆ ಸೆಕೆಂಡಿಗೊಂದರಂತೆ ಹದಿನೈದು ಪದ ಓದುತ್ತಾಳೆ. ಎಲ್ಲ ದಿನಬಳಕೆಯ ಪದಗಳೇ. ನೆನಪಿದ್ದಷ್ಟು ಹೇಳಿ ಎನ್ನುತ್ತಾಳೆ. ಅದೇ ಪಟ್ಟಿಯನ್ನು ಹೀಗೆ ಐದು ಸಲ ಓದಿ ಹೇಳಿಸುತ್ತಾಳೆ. ಆಮೇಲೆ ಬೇರೊಂದು ಪಟ್ಟಿ ಓದಿ ತಲೆ ಕಲಕುತ್ತಾಳೆ, ತಿರುಗಿ ಮೊದಲ ಪಟ್ಟಿ ಕೇಳುತ್ತಾಳೆ. ಇಪ್ಪತ್ತು ನಿಮಿಷ ಬೇರೇನೋ ಕೆಲಸ ಮಾಡಿಸಿ ಮತ್ತೊಮ್ಮೆ ಕೇಳುತ್ತಾಳೆ. ಮೊದಲ ಸಲ ಐದು, ಐದನೇ ಸಲ ಹನ್ನೆರಡು ಬಂದರೆ ಕಲಿಕೆ ನಡೆದಿದೆ. ಇಪ್ಪತ್ತು ನಿಮಿಷದ ಬಳಿಕ ಎಲ್ಲ ಹಾರಿಹೋಗಿದ್ದರೆ ಕಲಿತದ್ದು ಕೂಡಿಡುವ ಕಡೆ ತೊಂದರೆ. ತಾನಾಗಿ ಹೇಳಲು ಬಾರದೆ, ಪಟ್ಟಿ ಓದಿದಾಗ ಮಾತ್ರ "ಹೂಂ, ಇದು ಇತ್ತು" ಅಂದರೆ ಕೂಡಿಟ್ಟದ್ದು ಇದೆ, ಹೊರಗೆ ತೆಗೆಯುವುದು ಕಷ್ಟವಾಗಿದೆ. ನಮ್ಮ ಪಾರಿಜಾತದ ಕಲಾವಿದನಿಗೆ ಈ ಎರಡರ ನಡುವಿನ ವ್ಯತ್ಯಾಸವೇ ಮುಂದಿನ ಜೀವನ. ಎರಡನೆಯದಾದರೆ, ಹಿಮ್ಮೇಳದವರು ಮೊದಲ ಪದ ಎತ್ತಿಕೊಟ್ಟರೆ ಅವನು ಇನ್ನೂ ಹಾಡಿಯಾನು.

ಅಕ್ಷರ ಬಾರದವರಿಗೆಂದೇ ಅನುಕೂಲವಾದ ಪರೀಕ್ಷೆಗಳೂ ಅದರಲ್ಲಿವೆ. ಎಬಿಸಿಡಿ ಬೇಡದ, ಬರೀ ಅಂಕಿ ಮತ್ತು ಎರಡು ಬಣ್ಣದ ವೃತ್ತಗಳನ್ನು ಗೆರೆ ಎಳೆದು ಜೋಡಿಸುವುದು ಒಂದು. ಮೂರು ಗೂಟಗಳ ಮೇಲೆ ಮೂರು ಬಣ್ಣದ ಮಣಿಗಳನ್ನು ತೋರಿಸಿದಂತೆ, ಹೇಳಿದಷ್ಟೇ ನಡೆಯಲ್ಲಿ ಜೋಡಿಸುವುದು ಇನ್ನೊಂದು. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳಬಲ್ಲಿರಿ ಎಂಬುದು ಮತ್ತೊಂದು. ಈ ಕೊನೆಯದನ್ನು ಗೋಕಾಕ ಸೀಮೆಯ ಕುರುಬನಿಗೆ ಕೊಟ್ಟು ನೋಡಿ: ಕುರಿ, ಟಗರು, ಆಡು, ಹೋತ, ಆಕಳು, ಎತ್ತು, ಹೋರಿ, ಎಮ್ಮೆ, ಕೋಣ... ಹೋತವೂ ಆಡೂ ಒಂದೋ ಎರಡೋ? ಹೋರಿಗೆ ಅಂಕ ಕೊಡಬೇಕೋ ಬೇಡವೋ? ಊರಿನ ಬದುಕು ಗೊತ್ತಿಲ್ಲದ ಪರೀಕ್ಷಕ ಇಲ್ಲಿ ಎಡವುತ್ತಾನೆ, ಅವನು ಪಿಯುಸಿಯಲ್ಲಿ ಜೀವಶಾಸ್ತ್ರಕ್ಕೆ ನೂರಕ್ಕೆ ನೂರು ತೆಗೆದಿದ್ದರೂ.

ಲಿಪಿಯೂ ಹೀಗೆ ಮೋಸ ಮಾಡಬಲ್ಲದು. 1965ರಲ್ಲಿ ಮೈಸೂರಿನಲ್ಲಿ ಶುರುವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಪ್ರತಿಭಾ ಕಾರಂತ್ ಮತ್ತು ಅವರ ಜೊತೆಗಾರರು ಪಾರ್ಶ್ವವಾಯುವಿನಿಂದ ಮಾತು, ಓದು ಕಳೆದುಕೊಂಡ ಕನ್ನಡಿಗರನ್ನು ಅಭ್ಯಸಿಸಿದರು, ಜೊತೆಗೆ ಆರೋಗ್ಯವಂತರ ಓದನ್ನೂ. 'ಕಲ್ಲು' ಎಂಬ ಪದದಿಂದ 'ಕ್' ಧ್ವನಿಯನ್ನಷ್ಟೇ ಕಿತ್ತು ಉಳಿದದ್ದನ್ನು ಹೇಳಿ ಎಂದರೆ, ಇಂಗ್ಲಿಷ್ ಓದಬಲ್ಲವರು 'ಅಲ್ಲು' ಎಂದಾರು. ಕನ್ನಡ ಮಾತ್ರ ಓದಬಲ್ಲವರು ತಡವರಿಸುತ್ತಾರೆ, ಏಕೆಂದರೆ ನಮ್ಮ 'ಕ' ಇಡಿಯಾದ ಒಂದು ಅಕ್ಷರ, ಅದನ್ನು ಒಡೆಯುವ ರೂಢಿ ಬರಿಯ ಓದಿನಿಂದ ಬರುವುದಿಲ್ಲ. ತಡವರಿಸಿದ್ದು ಮಿದುಳಿನ ಪೆಟ್ಟಿನಿಂದಲೋ ಲಿಪಿಯ ಗುಣದಿಂದಲೋ ಎಂದು ತಿಳಿಯಲು ಭಾಷೆಯ ಒಳಮರ್ಮ ಗೊತ್ತಿರಬೇಕು. ಕನ್ನಡ ವ್ಯಾಕರಣವನ್ನು ಪ್ರೀತಿಯಿಂದ ಓದಿದ ಬಿಎ ವಿದ್ಯಾರ್ಥಿಗೆ ಇದು ಅರ್ಧ ಗೊತ್ತಿರುವ ಪಾಠವೇ.

ಬೆಳಗಾವಿ ಜಿಲ್ಲೆಯವರು ತಪ್ಪದೆ ಕೇಳಬೇಕಾದ ಇನ್ನೊಂದು ಅಧ್ಯಯನವಿದೆ. ಈಗ ನಿಮ್ಹಾನ್ಸ್‌ನಲ್ಲಿರುವ ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 2013ರಲ್ಲಿ ಹೈದರಾಬಾದಿನ 648 ಮರೆವಿನ ರೋಗಿಗಳ ವಿವರ ಪ್ರಕಟಿಸಿದರು. ಎರಡು ಭಾಷೆ ಬಲ್ಲವರಿಗೆ ಒಂದೇ ಭಾಷೆಯವರಿಗಿಂತ ನಾಲ್ಕೂವರೆ ವರ್ಷ ತಡವಾಗಿ ಮರೆವಿನ ರೋಗ ಕಾಣಿಸಿಕೊಂಡಿತ್ತು, ಅದೂ ಓದು ಬರಹ ಬಾರದವರಲ್ಲಿಯೂ. ಹುಕ್ಕೇರಿ, ಸಂಕೇಶ್ವರದ ಸಂತೆಯಲ್ಲಿ ಕನ್ನಡದಲ್ಲಿ ಚೌಕಾಸಿ ಮಾಡಿ ಮರಾಠಿಯಲ್ಲಿ ಲೆಕ್ಕ ಹೇಳುವ ಅಜ್ಜಿಯರು ಇದನ್ನು ಕೇಳಿದರೆ ಏನನ್ನುವರೋ!

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತನ್ನು ಮುಚ್ಚಿಡಬಾರದು. ಕಲಾ ವಿಭಾಗದಿಂದ ಬಂದವರು ವಿಜ್ಞಾನ ಓದದೆ ಬಚಾವಾಗುವುದಿಲ್ಲ. ತಡವಾಗಿ ಓದುತ್ತಾರೆ, ಅಷ್ಟೇ. ಎಂಫಿಲ್ ಪಠ್ಯದಲ್ಲಿ ನಡವಳಿಕೆಯ ಜೈವಿಕ ಬುನಾದಿಗೆಂದೇ ಒಂದು ಪತ್ರಿಕೆಯಿದೆ, ಸಂಖ್ಯಾಶಾಸ್ತ್ರಕ್ಕೆ ಇನ್ನೊಂದು. ಹಳ್ಳಿಯ ಪಿಯು ಕಾಲೇಜಿನಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರದ ಗುಂಪು ಸಿಕ್ಕಷ್ಟು ಸಲೀಸಾಗಿ ಮನಶ್ಶಾಸ್ತ್ರ ಸಿಗುವುದಿಲ್ಲ. ಬಿಎಗೆ ಅದನ್ನು ಹುಡುಕಿಕೊಂಡು ಧಾರವಾಡದಂಥ ಊರಿಗೆ ಹೋಗಬೇಕು. ಪುಸ್ತಕಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿವೆ. ಎಂಫಿಲ್ ಸೀಟುಗಳು ಬೆರಳೆಣಿಕೆಯವು, ಪ್ರವೇಶ ಪರೀಕ್ಷೆಗೆ ದೇಶದ ಎಲ್ಲ ಕಡೆಯಿಂದ ಬರುತ್ತಾರೆ. ಈ ಲೇಖಕನ ಮಟ್ಟಿಗೆ ನಿಜವಾದ ಅಡ್ಡಗೋಡೆಗಳು ಇವು. ಪಿಯುಸಿಯ ಸೈನ್ಸ್ ಅಲ್ಲ.

ಕಾನೂನೂ ಇದನ್ನೇ ಹೇಳುತ್ತದೆ. 1992ರ ಕಾಯಿದೆಯ ಭಾರತೀಯ ಪುನರ್ವಸತಿ ಪರಿಷತ್ತು ಕ್ಲಿನಿಕಲ್ ಸೈಕಾಲಜಿಸ್ಟರ ನೋಂದಣಿ ನೋಡಿಕೊಳ್ಳುತ್ತದೆ. 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯಿದೆ ಅವರಿಗೆ ಪರಿಷತ್ತು ಮಾನ್ಯ ಮಾಡಿದ ವಿದ್ಯಾರ್ಹತೆ, ಇಲ್ಲವೇ ಮನಶ್ಶಾಸ್ತ್ರದ ಸ್ನಾತಕೋತ್ತರ ಪದವಿ, ಅದರ ಮೇಲೆ ಎರಡು ವರ್ಷದ ಪೂರ್ಣಾವಧಿ ಎಂಫಿಲ್ ಬೇಕೆನ್ನುತ್ತದೆ. ಹದಿನಾರನೇ ವಯಸ್ಸಿನಲ್ಲಿ ಯಾವ ಗುಂಪು ಆರಿಸಿಕೊಂಡಿರಿ ಎಂಬ ಪ್ರಶ್ನೆ ಅದರಲ್ಲಿಲ್ಲ. ಇದಾದ ಮೇಲೆ ನರರೋಗ, ನರಶಸ್ತ್ರಚಿಕಿತ್ಸೆಯ ವಾರ್ಡುಗಳಲ್ಲಿ ಪಳಗಿಯೋ ಪಿಎಚ್‌ಡಿ ಮಾಡಿಯೋ ನರಮನೋವಿಜ್ಞಾನಕ್ಕೆ ಹೊರಳುವುದು ನಮ್ಮಲ್ಲಿಯ ವಾಡಿಕೆ. ದೇಶದಲ್ಲಿ ಎಂಫಿಲ್ ಪದವಿಯನ್ನೇ ನಿಲ್ಲಿಸಿದಾಗಲೂ ಯುಜಿಸಿ ಕ್ಲಿನಿಕಲ್ ಸೈಕಾಲಜಿಗೆ 2025-26ರ ವರೆಗೆ ವಿನಾಯಿತಿ ಕೊಟ್ಟಿತು. ಕೋರ್ಸಿನ ಹೆಸರು, ರೂಪ ಬದಲಾಗುತ್ತಿರುವ ಹೊತ್ತಿದು, ಆದ್ದರಿಂದ ಅರ್ಜಿ ಹಾಕುವವರು ಆ ವರ್ಷದ ಪ್ರಕಟಣೆಯನ್ನೇ ಓದಿಕೊಳ್ಳುವುದು ಒಳ್ಳೆಯದು.

ಧಾರವಾಡದ ಹಳೆಯ ಆಶ್ರಯ ಈಗ ಡಿಮ್ಹಾನ್ಸ್ ಆಗಿದೆ. ಬೀಗ ಹಾಕುತ್ತಿದ್ದ ಜಾಗದಲ್ಲಿ ಇಂದು ಪರೀಕ್ಷೆಯ ಕೋಣೆಗಳಿವೆ. ಮಗುವಿನ ಬುದ್ಧಿಮಾಂದ್ಯದ ಪ್ರಮಾಣಪತ್ರಕ್ಕಾಗಿ ತಂದೆ ತಾಯಿ ಜಿಲ್ಲಾಸ್ಪತ್ರೆಗೋ ಅಲ್ಲಿಗೋ ಹೋದರೆ, ಮೇಜಿನ ಮೇಲೆ ತೆರೆದುಕೊಳ್ಳುವ ಪೆಟ್ಟಿಗೆ ಇವತ್ತಿಗೂ ಹಲವು ಸಲ ಬಿನೆ-ಕಾಮತ್ ಟೆಸ್ಟೇ. ಅದರ ಮೊದಲ ಪ್ರಬಂಧಕ್ಕೆ 90 ವರ್ಷ ದಾಟಿತು. ಮೊಬೈಲು ಹಿಡಿದು ಬೆಳೆಯುತ್ತಿರುವ ಮೂಡಲಗಿಯ ಮಗುವನ್ನು ಬ್ರಿಟಿಷರ ಕಾಲದ ಧಾರವಾಡದ ಮಗುವಿನ ಪಕ್ಕದಲ್ಲಿ ನಿಲ್ಲಿಸಿ ಅಳೆಯುತ್ತಿದ್ದೇವೆ. ಈ ಕೆಲಸವನ್ನು ಹೊಸದಾಗಿ ಮಾಡಲು ಈ ಸೀಮೆಯ ಮಾತು ಬಲ್ಲವರೇ ಬೇಕು. ಕೌಜಲಗಿಯಲ್ಲಿ ಈ ವರ್ಷ ಆರ್ಟ್ಸ್ ಫಾರ್ಮು ತುಂಬುತ್ತಿರುವವರು ದಯವಿಟ್ಟು ಇದನ್ನು ಒಮ್ಮೆ ಯೋಚಿಸಿ ನೋಡಲಿ.